ಎರಡು ಇಂಚು ಎತ್ತರಿಸಿದ ಥಾರ್: 22,000 ಕಿಲೋಮೀಟರ್ ಆದ ಮೇಲಿನ ಲೆಕ್ಕ

ಗಾಡಿ ಎತ್ತರಿಸಲು ಕೊಂಡ ಕಿಟ್ಟಿನ ಅಂಕ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಎರಡೂವರೆ. ಅದರಲ್ಲಿ ಅರ್ಧ ಅಂಕ ಕೃಪಾಂಕ. ಮೂವತ್ತೊಂದು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ ಅಷ್ಟು ಬೇಗ ಬಿಗಿಯಾಗುವುದಿಲ್ಲ.

ಗಾಡಿ 2021ರ ಡೀಸೆಲ್ ಥಾರ್, ಮಹೀಂದ್ರಾ ಕಂಪನಿಯ ಜೀಪು. ಮಗನ ಹೆಸರಿನಲ್ಲಿದೆ, ಅವನಿರುವುದು ಬೆಂಗಳೂರಿನಲ್ಲಿ, ಓಡಿಸುವವನು ನಾನು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾಗಿ, ಸಕಲೇಶಪುರದ ಕಡೆ ಎಂಟು ಎಕರೆ ರೊಬಸ್ಟಾ ಕಾಫಿ ಮತ್ತು ಅದರ ನೆರಳುಮರಗಳಿಗೆ ಹಬ್ಬಿದ ಮೆಣಸು ನೋಡಿಕೊಂಡಿದ್ದೇನೆ. ಕೊಂಡ ವಸ್ತು ಸಸ್ಪೆನ್ಷನ್ ಎತ್ತರಿಸುವ ಕಿಟ್: ಮುಂದಿನ ಶಾಕ್ ಅಬ್ಸಾರ್ಬರುಗಳ ತಲೆಯ ಮೇಲೆ ಕೂರುವ ಎರಡು ಅಲ್ಯೂಮಿನಿಯಂ ಬಿಲ್ಲೆಗಳು, ಹಿಂದಿನ ಸ್ಪ್ರಿಂಗುಗಳಿಗೆ ಎರಡು ದಪ್ಪ ಬಳೆಗಳು, ಒಂದಿಷ್ಟು ಉದ್ದದ ಬೋಲ್ಟುಗಳು. ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ 26,000 ರೂಪಾಯಿ ಕೊಟ್ಟೆ. ಮಾರಿದವರ ಹೆಸರು ಬರೆಯುವುದಿಲ್ಲ. ಇಂಥ ಬಿಲ್ಲೆ ಮಾರುವ ಯಾವ ಅಂಗಡಿಗೆ ಹೋಗಿದ್ದರೂ ಕಥೆ ಇದೇ ಆಗುತ್ತಿತ್ತು.

ಎತ್ತರಿಸಲು ಕಾರಣವಿತ್ತು. ಡಾಂಬರು ಬಿಟ್ಟ ಮೇಲೆ ತೋಟದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ. ಕೊಯ್ಲಿನ ಕಾಲದಲ್ಲಿ ಪಿಕಪ್‌ಗಳು ಓಡಾಡಿ ಎರಡು ಗಾಲಿ ಜಾಡು ಆಳವಾಗಿ, ನಡುವಿನ ದಿಬ್ಬ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಕಂಪನಿ ಕೊಟ್ಟ 226 ಮಿಲಿಮೀಟರ್ ಎತ್ತರ ಸಾಮಾನ್ಯ ರಸ್ತೆಗೆ ಧಾರಾಳ; ನಮ್ಮ ದಿಬ್ಬಕ್ಕೆ ಸಾಲದು. ಮಳೆಗಾಲದಲ್ಲಿ ಗಾಡಿಯ ಹೊಟ್ಟೆ ಉಜ್ಜುವ ಸದ್ದು ಕೇಳಿ ಕೇಳಿ ನನ್ನ ಹೊಟ್ಟೆಯೇ ತೊಳಸುತ್ತಿತ್ತು.

ಕಿಟ್ ಹಾಕಿದ ಮೇಲೆ ಆ ಸದ್ದು ನಿಂತಿತು. ಒಂದೂವರೆ ಅಂಕ ಅದಕ್ಕೆ. ಬಿಲ್ಲೆಗಳ ಕಡೆತ ಚೊಕ್ಕವಾಗಿದೆ, ಬೋಲ್ಟು ಇದುವರೆಗೆ ಒಂದೂ ಸಡಿಲಗೊಂಡಿಲ್ಲ, ಅದಕ್ಕೆ ಇನ್ನರ್ಧ. ಆದರೆ ಹಿಂದಿನ ಆಕ್ಸಲ್ ನಡುವೆ ಗುಂಡಗೆ ಇಳಿಬಿದ್ದಿರುವ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೂ ಹಂಚುವ ಗೇರುಗಳ ಡಬ್ಬಿ, ಇದ್ದಲ್ಲೇ ಇದೆ. ಅದು ಚಕ್ರಗಳ ಜೊತೆಗೇ ಇರುವ ಗಟ್ಟಿ ಆಕ್ಸಲ್, ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಮೇಲಿನ ಗಾಡಿ ಮಾತ್ರ. ಅದನ್ನು ಎತ್ತರಿಸಬೇಕಾದರೆ ದೊಡ್ಡ ಟೈರೇ ಬೇಕು. ಎರಡನೇ ತಿರುವಿನ ಜಂಬಿಟ್ಟಿಗೆ ಕಲ್ಲು ಇವತ್ತಿಗೂ ಅದಕ್ಕೆ ಬಡಿಯುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತುವಾಗ ಮನೆಯವಳಿಗೆ ಮೊಣಕಾಲು ನೋವು, ಬ್ರೇಕ್ ಹಾಕಿದರೆ ಗಾಡಿ ಮೂತಿ ತುಸು ಹೆಚ್ಚು ಬಗ್ಗಿಸುತ್ತದೆ. ಇವೆಲ್ಲ ಸಹಿಸುವಂಥವು.

ಸಹಿಸಲಾಗದ್ದು ಕಳೆದ ಆಷಾಢದಲ್ಲಿ ಕಂಡಿತು. ಕೆಸರು ತೊಳೆಯುತ್ತಿದ್ದೆ. ಎಡ ಮುಂಚಕ್ರದ ರಿಮ್ಮಿನ ಒಳಮೈಯಲ್ಲಿ ಕಪ್ಪು ಜಿಡ್ಡಿನ ಚುಕ್ಕೆಗಳು, ಯಾರೋ ಬ್ರಷ್ ಅದ್ದಿ ಕೊಡವಿದಂತೆ ಒಂದೇ ಸುತ್ತಿನಲ್ಲಿ. ನೀರು ಬಿಟ್ಟರೆ ಹೋಗಲಿಲ್ಲ. ಬೆರಳಿಗೆ ತೆಗೆದುಕೊಂಡು ಉಜ್ಜಿದರೆ ಒಳಗೆ ಸಣ್ಣ ಮರಳು. ಬ್ರೇಕ್ ಎಣ್ಣೆ ಇರಬೇಕೆಂದು ಹೆದರಿ ಊರಿನ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟವರು ಎದ್ದೇ ಬರಲಿಲ್ಲ, ಅಲ್ಲಿಂದಲೇ ಕೇಳಿದರು:

“ಮೇಷ್ಟ್ರೇ, ಗಾಡಿ ಎತ್ತರಿಸಿದವರು ಬೂಟಿನ ವಿಷಯ ಹೇಳಲಿಲ್ಲವೇ?”

ಆಕ್ಸಲ್ ಬೂಟ್ ಎಂದರೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಗವಸು. ಈ ಥಾರ್‌ನ ಮುಂದಿನ ಎರಡು ಚಕ್ರಗಳೂ ಸ್ವತಂತ್ರವಾಗಿ ಏಳುತ್ತವೆ, ಇಳಿಯುತ್ತವೆ. ನಡುವಿನ ಡಿಫರೆನ್ಷಿಯಲ್‌ನಿಂದ ಒಂದೊಂದು ಚಕ್ರಕ್ಕೂ ಒಂದೊಂದು ಗಿಡ್ಡ ಆಕ್ಸಲ್. ಅದರ ಎರಡು ತುದಿಯಲ್ಲೂ ಬಾಗುತ್ತಲೇ ತಿರುಗಬಲ್ಲ ಕೀಲು. ಆ ಕೀಲಿನ ಗ್ರೀಸ್ ಹೊರಗೆ ಹೋಗದಂತೆ, ಧೂಳು ನೀರು ಒಳಗೆ ಬರದಂತೆ ಕಾಯುವುದೇ ಬೂಟು. ನಾನು ಗಾಡಿಯನ್ನು ಎತ್ತರಿಸಿದಾಗ ಡಿಫರೆನ್ಷಿಯಲ್ ಗಾಡಿಯ ಜೊತೆ ಮೇಲೆದ್ದಿತು, ಚಕ್ರ ನೆಲದಲ್ಲೇ ಉಳಿಯಿತು. ನಡುವಿನ ಆಕ್ಸಲ್ ಓರೆಯಾಯಿತು.

ಎಷ್ಟು ಓರೆ? ಮನೆಗೆ ಬಂದು ಅಟ್ಟದಿಂದ ಮರದ ಕೋನಮಾಪಕ ಇಳಿಸಿದೆ. ಕಪ್ಪು ಹಲಗೆಯ ಮೇಲೆ ಬಳಸುತ್ತಿದ್ದುದು, ನಿವೃತ್ತಿಯ ದಿನ ಹುಡುಗರು ಹಾರದ ಜೊತೆ ಕೊಟ್ಟಿದ್ದರು. ದಾರಕ್ಕೆ ಒಂದು ನಟ್ಟು ಕಟ್ಟಿ ತೂಗುಗುಂಡು ಮಾಡಿಕೊಂಡೆ. ಪಕ್ಕದ ತೋಟದಲ್ಲಿ ಎತ್ತರಿಸದ ಥಾರ್ ಒಂದಿದೆ. ಎರಡನ್ನೂ ಅಳೆದರೆ ಏಳು ಡಿಗ್ರಿಯಷ್ಟು ವ್ಯತ್ಯಾಸ. ಕಾಗದದ ಲೆಕ್ಕಕ್ಕೂ ತಾಳೆಯಾಯಿತು: ಕೀಲಿನಿಂದ ಕೀಲಿಗೆ ಸುಮಾರು 40 ಸೆಂಟಿಮೀಟರ್, ಇಳಿದದ್ದು 5 ಸೆಂಟಿಮೀಟರ್, ಲಂಬಕೋನ ತ್ರಿಭುಜದಲ್ಲಿ ಕೋನ ಏಳಕ್ಕೆ ಚೂರು ಮೇಲೆ. ನಮ್ಮವಳು ಕಾಫಿ ಲೋಟ ಹಿಡಿದು ನಿಂತು, ಬೇಲಿಯಾಚೆ ಜನ ನೋಡುತ್ತಿದ್ದಾರೆ ಎಂದಳು.

ಏಳು ಡಿಗ್ರಿ ಕೇಳಲು ಸಣ್ಣದು. ಆದರೆ ಆಕ್ಸಲ್ ಓರೆಯಾಗಿ ತಿರುಗುವಾಗ ಬೂಟಿನ ಪ್ರತಿ ಮಡಿಕೆಯೂ ಸುತ್ತಿಗೊಮ್ಮೆ ಹಿಗ್ಗಿ, ಒಮ್ಮೆ ಕುಗ್ಗಬೇಕು. ಓರೆ ಕಡಿಮೆಯಿದ್ದಾಗ ಮಡಿಕೆಗಳ ನಡುವೆ ಗಾಳಿಯಾಡುತ್ತದೆ. ಹೆಚ್ಚಾದಾಗ ಕುಗ್ಗಿದ ಕಡೆ ಒಂದರ ಬೆನ್ನು ಇನ್ನೊಂದಕ್ಕೆ ತಾಗಿ ಉಜ್ಜುತ್ತದೆ. ನನ್ನ 255/65 ಆರ್ 18 ಟೈರಿನ ಪರಿಧಿ ಸುಮಾರು 2.48 ಮೀಟರ್. ಕಿಲೋಮೀಟರಿಗೆ 400 ಸುತ್ತು. ಎತ್ತರಿಸಿದ ಮೇಲೆ ಓಡಿದ್ದು 22,000 ಕಿಲೋಮೀಟರ್. ಅಂದರೆ ಆ ರಬ್ಬರು 88 ಲಕ್ಷ ಸಲ ತನ್ನನ್ನು ತಾನೇ ಉಜ್ಜಿಕೊಂಡಿದೆ, ನಡುವೆ ನಮ್ಮೂರ ಕೆಂಪು ಕೆಸರಿನ ಹರಳು ಬೇರೆ. ಫೋರ್ ವೀಲ್ ಹಾಕುವುದೇ ಅಪರೂಪ, ನನಗೇನು ಎಂದುಕೊಳ್ಳಬೇಡಿ. ಟು ವೀಲ್‌ನಲ್ಲಿ ಹೋಗುವಾಗಲೂ ಈ ಆಕ್ಸಲ್‌ಗಳು ಚಕ್ರದ ಜೊತೆ ತಿರುಗುತ್ತಲೇ ಇರುತ್ತವೆ. ಬೆಂಗಳೂರಿಗೆ ಹೋಗಿ ಬಂದ ಹೆದ್ದಾರಿಯ ಪಯಣವೂ ಬೂಟಿನ ಲೆಕ್ಕಕ್ಕೇ ಜಮೆ.

ಬಿಲ್ಲೆಯದೇ ಇನ್ನೊಂದು ತಕರಾರಿದೆ. ಅದು ಕೂರುವುದು ಶಾಕ್ ಅಬ್ಸಾರ್ಬರಿನ ತಲೆಯ ಮೇಲೆ. ದಪ್ಪ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಶಾಕ್ ಅಬ್ಸಾರ್ಬರಿನ ಬುಡ, ಚಕ್ರವನ್ನು ಗಾಡಿಗೆ ಹಿಡಿದಿಡುವ ವಿಶ್‌ಬೋನ್ ತೋಳಿನ ತುದಿಯಲ್ಲಿಲ್ಲ, ನಡುವಿನಲ್ಲಿದೆ, ಹಾಗಾಗಿ ಚಕ್ರದ ಬಳಿ ಆ ಒಂದು ಎರಡಾಗುತ್ತದೆ. ಸನ್ನೆಕೋಲಿನ ಪಾಠ. ಅದೇ ಪಾಠದ ಪ್ರಕಾರ, ಅಗಳು ದಾಟುವಾಗ ಚಕ್ರ ಗಾಳಿಯಲ್ಲಿ ತೂಗಿದರೆ ಅದು ಕಂಪನಿ ಎಣಿಸಿದ ಮಿತಿಗಿಂತಲೂ ಎರಡು ಇಂಚು ಕೆಳಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ದರೆ ಹೊರಗಿನ ಕೀಲಿಗೆ ಎರಡು ಕಡೆಯ ಬಾಗು ಒಟ್ಟಿಗೆ. ನನ್ನ ಬೂಟು ಹರಿದದ್ದು ಹೊರಗಿನದೇ, ಚಕ್ರದ ಕಡೆಯಿಂದ ಎರಡನೇ ಮಡಿಕೆಯಲ್ಲಿ, ಬ್ಲೇಡಿನಲ್ಲಿ ಗೀರಿದಷ್ಟು ನೇರವಾಗಿ. ಸ್ಪ್ರಿಂಗ್ ಅನ್ನೇ ಬದಲಿಸಿ ಎತ್ತರಿಸಿದರೆ, ಶಾಕ್ ಅಬ್ಸಾರ್ಬರಿನ ಉದ್ದ ಮೊದಲಿನಷ್ಟೇ ಇರುವವರೆಗೆ, ಚಕ್ರ ತೂಗುವ ಮಿತಿ ಬದಲಾಗುವುದಿಲ್ಲ. ಖರ್ಚು ಜಾಸ್ತಿ. ಡಿಫರೆನ್ಷಿಯಲ್ ಅನ್ನೇ ಕೆಳಗಿಳಿಸಿ ಓರೆ ತಗ್ಗಿಸುವ ದಾರಿಯೂ ಉಂಟು. ಹೊಟ್ಟೆ ಮೇಲೇಳಲಿ ಎಂದು ಹಣ ಕೊಟ್ಟವನು ಹೊಟ್ಟೆ ಇಳಿಸಲು ಮತ್ತೆ ಹಣ ಕೊಡಬೇಕೇ ಎಂದು ಬಿಟ್ಟೆ.

ಮೊದಲು ನಾನು ಜಿಪುಣತನ ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಯಾವ ಗಾಡಿಗಾದರೂ ಹೊಂದುತ್ತದೆ ಎಂಬ 450 ರೂಪಾಯಿಯ ಬೂಟು ತರಿಸಿ ಹಾಕಿಸಿದೆ. ನಾಲ್ಕು ತಿಂಗಳು ತುಂಬುವ ಮೊದಲೇ ಅದನ್ನು ಬಿಗಿಯುವ ಪಟ್ಟಿಯ ಹತ್ತಿರ ಬಾಯಿ ಬಿಟ್ಟಿತು. ಎರಡನೇ ಸಲ ಕಂಪನಿಯದೇ ಬೂಟು, ಗ್ರೀಸ್, ಪಟ್ಟಿಗಳ ಜೋಡಿ ತರಿಸಿದೆ. ಬಲಗಡೆಯದು ಹರಿದಿರಲಿಲ್ಲ, ಆದರೆ ಮಡಿಕೆಗಳ ಬೆನ್ನು ಸವೆದು ಹೊಳೆಯುತ್ತಿತ್ತು, ಅದನ್ನೂ ಬದಲಿಸಿದೆವು. ಕೂಲಿ ಸೇರಿ 6,200 ರೂಪಾಯಿ. ಕೀಲಿನ ಗುಂಡುಗಳನ್ನು ತೊಳೆದು ಬೆಳಕಿಗೆ ಹಿಡಿದು ನೋಡಿದ ಮೆಕ್ಯಾನಿಕ್, ಇನ್ನೊಂದು ತಿಂಗಳು ಬಿಟ್ಟಿದ್ದರೆ ತಿರುವಿನಲ್ಲಿ ಟಕಟಕ ಶುರುವಾಗುತ್ತಿತ್ತು, ಆಗ ಇಡೀ ಆಕ್ಸಲ್ಲೇ ಬೇಕಾಗುತ್ತಿತ್ತು ಎಂದರು. ಅವರ ಕೆಲಸಕ್ಕೆ ಐದಕ್ಕೆ ಐದು.

ಆ ಮೆಕ್ಯಾನಿಕ್ ಅಂಗಡಿಯ ಪಕ್ಕದಲ್ಲೇ ಹಳೆಯ ಮಾರುತಿ ಜಿಪ್ಸಿಯೊಂದು ನಿಂತಿತ್ತು, ನನ್ನದಕ್ಕಿಂತ ಎತ್ತರ. ಅದರ ಯಜಮಾನರು ಹದಿನೈದು ವರ್ಷದಿಂದ ಬೂಟಿನ ಮುಖವನ್ನೇ ನೋಡಿಲ್ಲವಂತೆ. ನೋಡಲು ಅಲ್ಲಿ ಬೂಟೇ ಇಲ್ಲ. ಜಿಪ್ಸಿಗೆ ಮುಂದೆಯೂ ಗಟ್ಟಿ ಆಕ್ಸಲ್. ತಿರುಗುವ ದಂಡ ಕೊಳವೆಯೊಳಗಿದೆ, ಕೀಲು ಕಬ್ಬಿಣದ ಗುಂಡಿನೊಳಗೆ ಸುರಕ್ಷಿತ. ಮೇಲಿನ ಸ್ಪ್ರಿಂಗ್ ಎಷ್ಟೇ ಎತ್ತರಿಸಿದರೂ ಆ ದಂಡಕ್ಕೂ ಚಕ್ರಕ್ಕೂ ನಡುವಿನ ಕೋನ ಬದಲಾಗುವುದಿಲ್ಲ. ಜಿಮ್ನಿ, ಗೂರ್ಖಾ ಇಟ್ಟವರಿಗೂ ಮುಂದೆ ಗಟ್ಟಿ ಆಕ್ಸಲ್ಲೇ ಇರುವುದರಿಂದ ಈ ತಲೆನೋವಿಲ್ಲ. ಎತ್ತರಿಸಿದರೆ ಅವರಿಗೆ ಬರುವ ತಲೆನೋವುಗಳು ಬೇರೆ.

ಗಾಡಿಯ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ವಾರಂಟಿ ಪುಸ್ತಕವನ್ನೂ ಕಿಟ್ ಕೊಳ್ಳುವ ಮೊದಲು ಓದಿಕೊಳ್ಳಿ. ನಾನು ಕೊಂಡ ಮೇಲೆ ಓದಿದೆ.

ಈಗ ಮುಂದಿನ ಬಿಲ್ಲೆಗಳನ್ನು ತೆಗೆಸಿ, ಚಕ್ರದ ಬಳಿ ಒಂದೇ ಇಂಚು ಎತ್ತರ ಕೊಡುವ ತೆಳುವಾದವನ್ನು ಹಾಕಿಸಿದ್ದೇನೆ. ಕೋನಮಾಪಕದಲ್ಲಿ ಮೂರೂವರೆ ಡಿಗ್ರಿ. ನಡುವಿನ ದಿಬ್ಬವನ್ನು ಆಳು ಹಚ್ಚಿ ಗುದ್ದಲಿಯಲ್ಲಿ ಕೆರೆಸಿದೆ. ಎರಡು ದಿನದ ಕೂಲಿಯಲ್ಲಿ ಮುಗಿಯಿತು. ಇದನ್ನು ಮೊದಲೇ ಮಾಡಿಸಬಹುದಿತ್ತಲ್ಲ ಎಂದು ಮನೆಯಲ್ಲಿ ದಿನಕ್ಕೊಮ್ಮೆ ಕೇಳಿಸಿಕೊಳ್ಳುತ್ತಿದ್ದೇನೆ. ಭಾನುವಾರ ಗಾಡಿ ತೊಳೆದಾಗ ಸ್ಟಿಯರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿ, ಮಡಿಕೆಗಳ ನಡುವೆ ನೀರು ಬಿಟ್ಟು ಕೆಸರು ತೆಗೆದು, ಒಣಬಟ್ಟೆಯಲ್ಲಿ ಒರೆಸಿ ನೋಡುತ್ತೇನೆ. ಇದುವರೆಗೆ 5,000 ಕಿಲೋಮೀಟರ್, ಬಟ್ಟೆಗೆ ಕಪ್ಪು ಹತ್ತಿಲ್ಲ.

ತೆಗೆಸಿದ ಬಿಲ್ಲೆಗಳು ಬಚ್ಚಲ ಹಂಡೆಯ ಒಲೆಯ ಪಕ್ಕದಲ್ಲಿ ನೀರಿನ ಡ್ರಮ್ಮಿನ ಕೆಳಗೆ ಕೂತಿವೆ, ಡ್ರಮ್ಮು ಅಲುಗಾಡುವುದು ನಿಂತಿದೆ. ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ, ಜೊತೆಗೆ ಬೂಟಿನ ಎರಡು ಬಿಲ್ಲುಗಳನ್ನೂ.