ಟೆಲಿ ಮಾನಸ್, ಕಾಲೇಜಿನ ಆಪ್ತಸಮಾಲೋಚಕರು, ಮನೋವೈದ್ಯರು: ಖಿನ್ನತೆ ಕಾಡಿದರೆ ಮೊದಲು ಯಾರ ಹತ್ತಿರ ಹೋಗಬೇಕು?

ಸಾಯುವ ಯೋಚನೆ ಬರುತ್ತಿದ್ದರೆ ಆಯ್ಕೆ ಮಾಡುತ್ತ ಕೂರಬೇಡಿ. ನಂಬುವ ಒಬ್ಬರನ್ನು ಜೊತೆಗಿರಿಸಿಕೊಂಡು ಈಗಲೇ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮನೆಯಲ್ಲಿ ಹೇಳಲು ಧೈರ್ಯ ಸಾಲದವರಿಗೆ ಟೆಲಿ ಮಾನಸ್ (14416) ಸುಲಭ. 2022ರಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪ್ರತಿ ಸಲ ಅದೇ ವ್ಯಕ್ತಿ ಸಿಗುವ ಖಾತ್ರಿಯಿಲ್ಲ.

ಕಾಲೇಜಿನ ಆಪ್ತಸಮಾಲೋಚಕರಾದರೆ ವಾರವಾರವೂ ಅವರೇ ಸಿಗುತ್ತಾರೆ. ಪರೀಕ್ಷೆ, ಹಾಸ್ಟೆಲ್ ತೊಂದರೆಗಳಿಗೆ ಒಳ್ಳೆಯದು. ಆದರೆ ಔಷಧಿ ಬರೆಯಲಾರರು. ಹೇಳಿದ್ದು ಗುಟ್ಟಾಗಿರುತ್ತದೆಯೇ ಎಂದು ಮೊದಲೇ ಕೇಳಿ. ಸಾಮಾನ್ಯವಾಗಿ ಜೀವಕ್ಕೆ ಅಪಾಯವಿರುವಂಥ ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸುತ್ತಾರೆ.

ಎರಡು ವಾರ ದಾಟಿಯೂ ನಿದ್ದೆ, ಊಟ, ಓದು ಕೆಟ್ಟಿದ್ದರೆ ನೇರ ಮನೋವೈದ್ಯರ ಬಳಿಗೇ ಹೋಗುವುದು ಮೇಲು. ಜಿಲ್ಲಾಸ್ಪತ್ರೆಯಲ್ಲಿ ಖರ್ಚು ಕಡಿಮೆ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಬಹುದು, ಥೈರಾಯ್ಡ್ ಹಾರ್ಮೋನಿನ ಕೊರತೆಯೂ ಹೀಗೇ ಕಾಣಿಸಬಹುದು. ಖಿನ್ನತೆಗೆ ಕೊಡುವ ಮಾತ್ರೆಯ ಪರಿಣಾಮ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ವಾಕರಿಕೆ ಬರುವುದು ಮೊದಲ ವಾರದಲ್ಲೇ, ಎಷ್ಟೋ ಜನ ಬಿಟ್ಟುಬಿಡುವುದೂ ಆಗಲೇ. ಇನ್ನು ಕೆಲವರು ಹಾಯೆನಿಸಿದ ಕೂಡಲೇ ನಿಲ್ಲಿಸುತ್ತಾರೆ, ಆಗ ಖಿನ್ನತೆ ಮರಳಬಹುದು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. 25ರೊಳಗಿನವರಿಗೆ ಆರಂಭದ ವಾರಗಳಲ್ಲಿ ಚಡಪಡಿಕೆಯೋ ಸಾಯುವ ಯೋಚನೆಯೋ ಹೆಚ್ಚಾದರೆ ಅಂದೇ ವೈದ್ಯರಿಗೆ ತಿಳಿಸಿ. 18 ತುಂಬದವರು ತಂದೆತಾಯಿಯರನ್ನೋ ಪೋಷಕರನ್ನೋ ಕರೆದೊಯ್ಯಬೇಕು.