ವಿಠ್ಠಲ ಮಲ್ಯ ರಸ್ತೆ: ಮೇಲೆ 34 ಮಹಡಿ, ಕೆಳಗೆ ಫುಟ್‌ಪಾತ್

ಕಬ್ಬನ್ ಪಾರ್ಕ್ ಕಡೆಯಿಂದ ನೋಡಿದರೆ ಮರಗಳ ತಲೆಯ ಮೇಲೆ ಕಿಂಗ್‌ಫಿಷರ್ ಟವರ್ಸ್‌ನ 34 ಮಹಡಿಗಳು ಎದ್ದು ಕಾಣುತ್ತವೆ. ನಮ್ಮ ಕಣ್ಣು ಮಾತ್ರ ಕೆಳಗೆ. ಬೆಂಗಳೂರಿನ ರಸ್ತೆಗಳನ್ನು ಫುಟ್‌ಪಾತ್ ಸಮೇತ ಹೊಸದಾಗಿ ಕಟ್ಟುವ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮೊದಲು ಕೈಗೆತ್ತಿಕೊಂಡ ರಸ್ತೆಗಳಲ್ಲಿ ವಿಠ್ಠಲ ಮಲ್ಯ ರಸ್ತೆಯೂ ಒಂದು. ನೀರು, ಒಳಚರಂಡಿ, ಕರೆಂಟು, ಕೇಬಲ್‌ಗಳಿಗೆ ನೆಲದಡಿ ಬೇರೆ ಬೇರೆ ಜಾಗ ಕೊಟ್ಟಿರುವುದೇ ಇದರ ದೊಡ್ಡ ಗುಣ. ರಿಪೇರಿ ಬಂದರೆ ಮುಚ್ಚಳ ತೆಗೆದರಾಯಿತು, ರಸ್ತೆ ಅಗೆಯಬೇಕಿಲ್ಲ.

ಇಲ್ಲಿನ ಫುಟ್‌ಪಾತಿನ ಅಗಲಕ್ಕೆ ಪೂರ್ತಿ ಅಂಕ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಕನಿಷ್ಠ 1.8 ಮೀಟರ್ ಅಂದರೆ ಕಂಬ, ಮರ ಎಲ್ಲ ಬಿಟ್ಟು ನಡೆಯಲು ಸಿಗುವ ಅಗಲ. ಟೇಪು ಹಿಡಿಯುವಾಗ ಇದನ್ನು ಮರೆಯಬೇಡಿ. ಅಂಚುಕಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಮೀರಿದರೆ ವಯಸ್ಸಾದವರು ಹತ್ತಲಾಗದೆ ರಸ್ತೆಯಲ್ಲೇ ನಡೆಯುತ್ತಾರೆ.

ಎಂಥ ಒಳ್ಳೆಯ ಫುಟ್‌ಪಾತೂ ಸೋಲುವುದು ಗೇಟಿನ ಮುಂದೆ. ಎತ್ತರದ ಕಟ್ಟಡ ಅಂದರೆ ನೂರಾರು ಕಾರು. ಕಾರಿಗಾಗಿ ಫುಟ್‌ಪಾತನ್ನೇ ತಗ್ಗಿಸಿದರೆ ನಡೆಯುವವರು ಪ್ರತಿ ಗೇಟಿಗೂ ಇಳಿದು ಹತ್ತಬೇಕು, ಮಳೆನೀರೂ ಅಲ್ಲೇ ನಿಲ್ಲುತ್ತದೆ. ಫುಟ್‌ಪಾತ್ ಸಮನಾಗಿ ಸಾಗಬೇಕು, ಹತ್ತಿ ಇಳಿಯಬೇಕಾದ್ದು ಕಾರು. ಗೇಟಿನ ಮುಂದಿನ ಕಲ್ಲಿನಡಿ ಕಾಂಕ್ರೀಟ್ ಹಾಸು ಇರಲೇಬೇಕು. ಬರೀ ಮರಳಿದ್ದರೆ ಸಂದಿಯಲ್ಲಿ ನೀರಿಳಿದು ಮರಳು ಕೊಚ್ಚಿಹೋಗುತ್ತದೆ, ಚಪ್ಪಡಿಯ ಒಂದು ಮೂಲೆ ಅಲುಗಾಡುತ್ತದೆ, ಕಾಲಿಟ್ಟೊಡನೆ ಕೆಸರು ಮೊಣಕಾಲಿಗೆ ಚಿಮ್ಮುತ್ತದೆ. ಹಿಮ್ಮಡಿಯಿಂದ ಮೂಲೆ ಒತ್ತಿ ನೋಡಿ. ಟಕ್ ಎಂದರೆ ಅಡಿ ಟೊಳ್ಳು.

ಬೈಕ್ ತಡೆಯುವ ಕಂಬಗಳ ನಡುವೆ ಗಾಲಿಕುರ್ಚಿ ದಾಟುವಷ್ಟು, ಕನಿಷ್ಠ 90 ಸೆಂಟಿಮೀಟರ್, ಜಾಗ ಬಿಡಬೇಕು. ಹೊಸ ಟವರ್‌ಗೆ ಅನುಮತಿ ಕೊಡುವಾಗಲೇ ಗೇಟಿನ ಮುಂದಿನ ಫುಟ್‌ಪಾತ್ ನಕ್ಷೆಯನ್ನೂ ಕೇಳಬೇಕು.