ಬೊಲೊನ್ಯಾದಲ್ಲಿ ಎರಡು ರೂಮು: ಗೋಡೆಯ ಒಳಗೊಂದು ವರ್ಷ, ಹೊರಗೊಂದು ವರ್ಷ

ದಾವಣಗೆರೆಯಲ್ಲಿರುವ ನಮ್ಮ ಚಿಕ್ಕಪ್ಪನ ಮಗಳಿಗೆ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಅವತ್ತಿನಿಂದ ದಿನಾ ಒಂದೇ ಪ್ರಶ್ನೆ: "ಅಕ್ಕಾ, ರೂಮು ಹಳೇ ಊರೊಳಗೆ ಹಿಡೀಲಾ, ಹೊರಗೆ ಹಿಡೀಲಾ?"

ನಾನು ಅಲ್ಲಿ ಎರಡು ವರ್ಷ ಓದಿ ಚಿತ್ರದುರ್ಗಕ್ಕೆ ವಾಪಸ್ ಬಂದವಳು. ಮೊದಲ ವರ್ಷ ಒಳಗಿದ್ದೆ, ಎರಡನೇ ವರ್ಷ ಹೊರಗಿದ್ದೆ. ಹಾಗಾಗಿ ಎರಡರ ರುಚಿಯೂ ಗೊತ್ತು. ಅವಳಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಕೂಡಿಸಿ ಬರೆಯುತ್ತಿದ್ದೇನೆ.

ಒಳಗೆ, ಹೊರಗೆ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಬೊಲೊನ್ಯಾ ನಮ್ಮ ದುರ್ಗದ ಹಾಗೆ ಕೋಟೆ ಗೋಡೆಯ ಊರು. 20ನೇ ಶತಮಾನದ ಶುರುವಿನಲ್ಲಿ ಗೋಡೆಯ ಬಹುಪಾಲು ಕೆಡವಿ ಅದೇ ಜಾಗದಲ್ಲಿ ಸುತ್ತು ರಸ್ತೆ ಮಾಡಿದರು. 12 ಹೆಬ್ಬಾಗಿಲುಗಳಲ್ಲಿ 10 ಈಗಲೂ ನಿಂತಿವೆ. ಆ ರಸ್ತೆಯ ಒಳಗಿರುವುದೇ ಹಳೇ ಊರು.

ನನ್ನ ಮೊದಲ ರೂಮು ವಿಯಾ ಜಾಂಬೋನಿ ಪಕ್ಕದ ಓಣಿಯಲ್ಲಿತ್ತು. ವಿಶ್ವವಿದ್ಯಾಲಯದ ಬೀದಿ ಅದು. 1088ರಿಂದ ವಯಸ್ಸು ಎಣಿಸುವ ವಿಶ್ವವಿದ್ಯಾಲಯ. ಇಬ್ಬರು ಹಂಚಿಕೊಂಡ ರೂಮು, ನನ್ನ ಪಾಲಿಗೆ ತಿಂಗಳಿಗೆ 400 ಯೂರೋ. ಕರೆಂಟು, ಗ್ಯಾಸು ಬೇರೆ. 2023ರ ಸೆಪ್ಟೆಂಬರ್‌ನಲ್ಲಿ ಸೂಟ್‌ಕೇಸ್ ಎಳೆದುಕೊಂಡು ಆ ಓಣಿಗೆ ಕಾಲಿಟ್ಟಾಗ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಬೀದಿಯ ಎರಡೂ ಕಡೆ ಕಮಾನಿನ ಪಡಸಾಲೆ. ಮೇಲೆ ಮನೆ, ಕೆಳಗೆ ನಡೆಯುವ ದಾರಿ. ಇಂಥ ಪಡಸಾಲೆಗಳು ಆ ಊರಲ್ಲಿ ಒಟ್ಟು 62 ಕಿ.ಮೀ. ಇವೆ. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಎಂಥ ಮಳೆ ಬಂದರೂ ನಾನು ಆ ವರ್ಷ ಕೊಡೆ ಕೊಳ್ಳಲಿಲ್ಲ.

ತರಗತಿಗೆ ಐದು ನಿಮಿಷ. ಜೋಡಿ ಗೋಪುರಕ್ಕೆ ಏಳು ನಿಮಿಷ. ಎತ್ತರದ್ದು ಆಸಿನೆಲ್ಲಿ, 97 ಮೀಟರ್. ಪಕ್ಕದ್ದು ಗರಿಸೆಂದಾ, ನೋಡಿದರೆ ಭಯ ಆಗುವಷ್ಟು ವಾಲಿದೆ. ನಾನು ಹೋದ ಮರುತಿಂಗಳೇ ಗರಿಸೆಂದಾ ಅಪಾಯದಲ್ಲಿದೆ ಅಂತ ಸುತ್ತ ಬೇಲಿ ಹಾಕಿ ರಸ್ತೆ ಮುಚ್ಚಿದರು. ಪದವಿ ಮುಗಿಯುವ ಮುಂಚೆ ಆಸಿನೆಲ್ಲಿ ಹತ್ತಿದರೆ ಪದವಿ ಸಿಗಲ್ಲ ಅಂತ ಅಲ್ಲಿನ ಹುಡುಗರ ನಂಬಿಕೆ. ಅದನ್ನು ಮೀರುವ ಅವಕಾಶವೂ ನನಗಿರಲಿಲ್ಲ, ಅದೂ ಮುಚ್ಚಿತ್ತು.

ಇಷ್ಟೆಲ್ಲ ಚಂದ ಇದ್ದರೂ ಆ ರೂಮಿನಲ್ಲಿ ನಿದ್ದೆ ಇರಲಿಲ್ಲ. ಪಿಯಾತ್ಸಾ ವೆರ್ದಿ ಅನ್ನೋ ಚೌಕ ಹತ್ತಿರದಲ್ಲೇ. ರಾತ್ರಿ ಎರಡಾದರೂ ಹುಡುಗರು ಅಲ್ಲಿ ಕೂತು ಹಾಡುತ್ತಾರೆ. ಕಲ್ಲಿನ ಕಮಾನುಗಳಲ್ಲಿ ಸದ್ದು ಉರುಳಿಕೊಂಡು ಬಂದು ನೇರ ಕಿಟಕಿಗೆ ಬಡಿಯುತ್ತದೆ. ಜೂನ್ ಹೊತ್ತಿಗೆ ಇನ್ನೂ ಕಷ್ಟ. ಕಿಟಕಿ ತೆರೆದರೆ ಗಲಾಟೆ, ಮುಚ್ಚಿದರೆ ಧಗೆ. ನಮ್ಮ ದುರ್ಗದಲ್ಲಿ ಎಂಥ ಬಿಸಿಲಿದ್ದರೂ ಸಂಜೆಗೆ ಗಾಳಿ ಬೀಸುತ್ತದಲ್ವಾ, ಅಲ್ಲಿ ಅದಿಲ್ಲ. ಬರೀ ಒದ್ದೆ ಸೆಖೆ.

ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಚಳಿಗಾಲದಲ್ಲಿ ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್. ಆ ಭಾಗದಲ್ಲಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ ಮಾತ್ರ, ದಿನಕ್ಕೆ ಹೆಚ್ಚೆಂದರೆ 14 ಗಂಟೆ ಮನೆ ಬಿಸಿ ಮಾಡಬಹುದು ಅಂತ ಕಾನೂನಿದೆ. ನಮ್ಮ ಕಟ್ಟಡದಲ್ಲಿ ರಾತ್ರಿ ಹತ್ತಕ್ಕೇ ಆರಿಸುತ್ತಿದ್ದರು. ದೋಸೆ ಹಿಟ್ಟು ಎರಡು ದಿನ ಇಟ್ಟರೂ ಹುಳಿ ಬರುತ್ತಿರಲಿಲ್ಲ.

ಆದರೆ ನನ್ನನ್ನು ನಿಜವಾಗಿ ನೋಯಿಸಿದ್ದು ಬಾಡಿಗೆ ಕರಾರು. ದೂರದಿಂದ ಬಂದ ವಿದ್ಯಾರ್ಥಿ ಅಂತ ಪೂರ್ತಿ ಸ್ಕಾಲರ್‌ಶಿಪ್ ಬೇಕಾದರೆ ಕನಿಷ್ಠ 10 ತಿಂಗಳ, ತೆರಿಗೆ ಕಚೇರಿಯಲ್ಲಿ ನೋಂದಾಯಿಸಿದ ಕರಾರು ತೋರಿಸಬೇಕು. ನನ್ನ ಮನೆ ಮಾಲೀಕರು ನಾಳೆ, ನಾಡಿದ್ದು ಅಂತ ಮುಂದೂಡಿದರು. ಮುಂಗಡ ಕೊಟ್ಟಾಗಿತ್ತು, ಬಿಟ್ಟು ಹೋಗುವ ಹಾಗಿಲ್ಲ. ಗಡುವಿನ ಕೊನೇ ವಾರದಲ್ಲಿ ಪತ್ರ ಕೈಗೆ ಬಂತು. ಆ ಒಂದು ತಿಂಗಳು ನಾನು ಊಟ ಸರಿಯಾಗಿ ಮಾಡಲಿಲ್ಲ. ಊಟಕ್ಕೇ ಹೆಸರಾದ ಊರಲ್ಲಿ ಹಾಗಾಯಿತಲ್ಲ ಅನ್ನೋ ನೋವು ಇನ್ನೂ ಇದೆ.

ಎರಡನೇ ವರ್ಷ ಬೊಲೊನ್ಯೀನಾಗೆ ಹೋದೆ. ರೈಲ್ವೆ ಸ್ಟೇಷನ್ ಹಿಂದಿನ ಬಡಾವಣೆ. ಹಿಂದೆ ಕಾರ್ಮಿಕರ ಕೇರಿ, ಈಗ ಹತ್ತಾರು ದೇಶದವರು ಇದ್ದಾರೆ. ಒಬ್ಬಳಿಗೇ ಒಂದು ರೂಮು, 450 ಯೂರೋ. ಅಂದರೆ ಬಾಡಿಗೆ ಕಮ್ಮಿ ಆಗಲಿಲ್ಲ, 50 ಜಾಸ್ತಿಯೇ ಆಯಿತು. ಆದರೆ ಬಾಗಿಲು ನನ್ನದು, ಬಾಯ್ಲರ್ ನಮ್ಮ ಮನೆಯದೇ, ಲಿಫ್ಟ್ ಇದೆ. ಕರಾರಿನ ನೋಂದಣಿ ಮೊದಲ ವಾರದಲ್ಲೇ ಆಯಿತು. ಕಟ್ಟಡ ನೋಡಲು ಏನೂ ಇಲ್ಲ. ನಮ್ಮ ಕಡೆಯ ಹಳೇ ಕ್ವಾರ್ಟರ್ಸ್ ಹಾಗಿತ್ತು.

ಅಲ್ಲಿ ಬಾಂಗ್ಲಾದೇಶದವರ ಅಂಗಡಿಗಳಿವೆ. ಒಂದು ದಿನ ಮೂಲೆ ಅಂಗಡಿಯಲ್ಲಿ 'ಮುಡಿ' ಅಂತ ಒಂದು ಪ್ಯಾಕೆಟ್ ನೋಡಿದೆ. ಕೈಗೆತ್ತಿಕೊಂಡರೆ ಮಂಡಕ್ಕಿ! ಅಂಗಡಿಯವರಿಗೆ ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬಗ್ಗೆ ಹೇಳಿದೆ, ಅರ್ಧ ಹಿಂದಿ, ಅರ್ಧ ಇಟಾಲಿಯನ್. ಅವತ್ತು ರಾತ್ರಿ ಖಾರ ಮಂಡಕ್ಕಿ ಮಾಡಿ, ಕಡಲೆ ಹಿಟ್ಟಿನಲ್ಲಿ ಮೆಣಸಿನಕಾಯಿ ಕರಿದೆ. ಕಡಲೆ ಹಿಟ್ಟಿಗಂತೂ ಇಟಲಿಯಲ್ಲಿ ಪರದಾಡಬೇಕಿಲ್ಲ, ಅವರೂ ತಿನ್ನುತ್ತಾರೆ. ಜೋಳದ ರೊಟ್ಟಿಯನ್ನು ಮಾತ್ರ ಎರಡು ವರ್ಷ ಬಿಟ್ಟೇ ಇದ್ದೆ.

ನನ್ನ ತರಗತಿಗಳು ವಿಯಾ ಜಾಂಬೋನಿಯಲ್ಲೇ ಇದ್ದವು. ದಿನಾ ಅರ್ಧ ಗಂಟೆ ನಡಿಗೆ. 27ನೇ ನಂಬರ್ ಬಸ್ಸಿತ್ತು, ನಾನು ಹತ್ತಿದ್ದು ಕಮ್ಮಿ. ಹಳಿಗಳ ಮೇಲಿನ ಸೇತುವೆ ದಾಟಬೇಕು. ಕೆಳಗಿಳಿದರೆ ಸ್ಟೇಷನ್. 1980ರ ಆಗಸ್ಟ್ 2ರಂದು ಅಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಹೊರಗಿನ ಗಡಿಯಾರದ ಮುಳ್ಳು ಇವತ್ತಿಗೂ 10:25ಕ್ಕೇ ನಿಂತಿದೆ. ಅದರ ಕೆಳಗೆ ಜನ ಕಾಫಿ ಕುಡಿಯುತ್ತ ಓಡುತ್ತಿರುತ್ತಾರೆ. ಒಳಗಿದ್ದ ವರ್ಷ ಆ ಗಡಿಯಾರದ ಕಡೆ ನಾನು ತಲೆ ಎತ್ತಿಯೂ ನೋಡಿರಲಿಲ್ಲ. ಅಲ್ಲಿಂದ ಪೋರ್ತಾ ಗಲ್ಲಿಯೇರಾ ಅನ್ನೋ ಹೆಬ್ಬಾಗಿಲು, ಆಮೇಲೆ ಉದ್ದಕ್ಕೂ ಪಡಸಾಲೆ.

ಆ ಬಾಗಿಲಿನ ಹತ್ತಿರ ಬಂದಾಗಲೆಲ್ಲ ನಮ್ಮೂರು ನೆನಪಾಗುತ್ತಿತ್ತು. ನಾವು ದುರ್ಗದವರು ಏಳು ಸುತ್ತಿನ ಕೋಟೆಯೊಳಗೆ ಮಲಗುವುದಿಲ್ಲ, ಕೆಳಗಿನ ಪೇಟೆಯಲ್ಲಿ ಇರುತ್ತೇವೆ. ಮೇಲೆ ಹೋಗಬೇಕಾದರೆ ಬಾಗಿಲು ದಾಟಿ ಹೋಗುತ್ತೇವೆ. ಆದರೂ ಕೋಟೆ ನಮ್ಮದು ಅಂತ ಒಂದು ದಿನವೂ ಅನುಮಾನ ಬಂದಿಲ್ಲ. ಬೊಲೊನ್ಯಾ ನನಗೆ ಹಾಗೆ ನನ್ನದಾಗಿದ್ದು ಹೊರಗಿನಿಂದ ನಡೆದು ಬಂದ ವರ್ಷದಲ್ಲೇ.

ಓದಿನ ವಿಷಯದಲ್ಲೂ ಆಶ್ಚರ್ಯ ಆಯಿತು. ಮನೆ ಹತ್ತಿರ ಇದ್ದಾಗ ಎರಡು ತರಗತಿಗಳ ಮಧ್ಯೆ ಮನೆಗೆ ಹೋಗಿ ಬಿದ್ದುಕೊಳ್ಳುತ್ತಿದ್ದೆ. ದೂರ ಆದ ಮೇಲೆ ಡಬ್ಬಿ ಕಟ್ಟಿಕೊಂಡು ಹೋಗಿ ಸಂಜೆವರೆಗೂ ಲೈಬ್ರರಿಯಲ್ಲಿ ಕೂರುತ್ತಿದ್ದೆ. ದೊಡ್ಡ ಚೌಕದ ಪಕ್ಕ ಸಾಲಾ ಬೋರ್ಸಾ ಅಂತ ಊರಿನ ಲೈಬ್ರರಿ ಇದೆ. ನೆಲದ ಗಾಜಿನ ಕೆಳಗೆ ರೋಮನ್ ಕಾಲದ ಅವಶೇಷ ಕಾಣುತ್ತದೆ. ಅಲ್ಲಿನ ಪರೀಕ್ಷೆಗಳು ಬಹಳಷ್ಟು ಬಾಯಿಮಾತಿನವು, 30ಕ್ಕೆ ಅಂಕ, 18 ಬಂದರೆ ಪಾಸು. ಮೊದಲ ವರ್ಷ 23, 24 ಬರುತ್ತಿತ್ತು. ಎರಡನೇ ವರ್ಷ 27ಕ್ಕಿಂತ ಕೆಳಗಿಳಿಯಲಿಲ್ಲ.

ಹೊರಗಿರುವುದರಲ್ಲಿ ಕಷ್ಟ ಇಲ್ಲ ಅಂತಲ್ಲ. ರಾತ್ರಿ ತಡವಾದರೆ ಸ್ಟೇಷನ್ ಸುತ್ತ ಒಬ್ಬಳೇ ನಡೆಯಲು ಹಿಂಜರಿಕೆ ಆಗುತ್ತಿತ್ತು, ಗೆಳತಿಯರ ಜೊತೆಯೇ ಬರುತ್ತಿದ್ದೆ. ಮತ್ತೆ, ಒಳಗಿದ್ದಾಗ ಬೆಳಿಗ್ಗೆ ಆರಕ್ಕೆ ಎದ್ದು ಖಾಲಿ ಪಡಸಾಲೆಯಲ್ಲಿ ಸುಮ್ನೆ ನಡೆದು ಬರುತ್ತಿದ್ದೆನಲ್ಲ, ಆ ಸುಖ ಹೊರಗೆ ಸಿಗಲಿಲ್ಲ.

ತಂಗಿಗೆ ನಾನು ಬೊಲೊನ್ಯೀನಾ ಅಂತಲೇ ಹೇಳಿದ್ದೇನೆ. ಅವಳ ಕೆಮಿಸ್ಟ್ರಿ ವಿಭಾಗ ಇರುವ ನಾವಿಲೆ ಕ್ಯಾಂಪಸ್ಸೂ ಅದೇ ಕಡೆ. "ಆದರೂ ಅಕ್ಕಾ, ಹಳೇ ಊರೊಳಗೇ ಇರಬೇಕು ಅನ್ಸತ್ತೆ" ಅಂದಳು. ಅನ್ನಿಸಲಿ, ನನಗೂ ಹಾಗೇ ಅನ್ನಿಸಿತ್ತು. ನಿನ್ನೆ ಎರಡು ರೂಮಿನ ಫೋಟೋ ಕಳಿಸಿದ್ದಾಳೆ, ಎರಡೂ ಸ್ಟೇಷನ್ ಹಿಂದಿನವೇ. ಕರಾರು ನೋಂದಣಿ ಮಾಡಿಸುತ್ತೇವೆ ಅಂತ ಬರಹದಲ್ಲಿ ಕೊಡದೆ ಮುಂಗಡ ಕಳಿಸಬೇಡ ಅಂದೆ. ಒಂದು ನಾಲ್ಕನೇ ಮಹಡಿಯಂತೆ. ಲಿಫ್ಟ್ ಇದೆಯಾ ಕೇಳು ಅಂತ ಹೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.